ಕಳೆದ ಕೀಲಿಕೈ, ಕಳೆಯಬಾರದ ನಂಬಿಗೆ

ಗುಡ್ಡಕ್ಕೆ ಬರುವವರ ಗಂಟುಮೂಟೆ ನೋಡಿದರೆ ಅವರ ಮನೆಯೇ ಕಂಡಂಗ ಆಗುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಕುಟುಂಬದ ಬ್ಯಾಗಿನಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಒಂದು ಡಬ್ಬಿ ಕರದಂಟು, ಉಡಿ ತುಂಬುವ ಸಾಮಾನು, ಮಡಿ ಸೀರೆ, ತಿರುಗಿ ಹೋಗುವ ಖರ್ಚಿನ ರೊಕ್ಕ ಎಲ್ಲ ಇರುತ್ತವೆ. ಅದಕ್ಕೊಂದು ಸಣ್ಣ ಬೀಗ. ನಮ್ಮ ಕಡೆ ಬೀಗಕ್ಕೆ ಕೀಲಿ ಅಂತೀವಿ, ಅದನ್ನು ತೆಗೆಯುವುದಕ್ಕೆ ಕೀಲಿಕೈ ಅಥವಾ ಚಾವಿ.

ಮೆಟ್ಟಿಲು ಹತ್ತುವಾಗ, ಜಳಕ ಮಾಡುವಾಗ, ಕಾಯಿ ಕರ್ಪೂರಕ್ಕೆ ರೊಕ್ಕ ತೆಗೆಯುವಾಗ ಈ ಚಾವಿ ಎಲ್ಲೋ ಜಾರಿ ಬೀಳುತ್ತದೆ. ಮುಂದೆ ಏನಾಗುತ್ತದೆ ಅನ್ನೋದು ನಿಮಗೂ ಗೊತ್ತು. ಅತ್ತೆ ಸೊಸೆಯ ಮುಖ ನೋಡುತ್ತಾಳೆ. ಸೊಸೆ ಮೈದುನನ ಮುಖ ನೋಡುತ್ತಾಳೆ. ಎಲ್ಲರೂ ಸೇರಿ ಗಾಡಿ ಡ್ರೈವರನ ಮುಖ ನೋಡುತ್ತಾರೆ. "ನಿನ್ನ ಕೈಯಾಗ ಕೊಟ್ಟಿದ್ನೆಲ್ಲ?" ಎಂಬ ಒಂದು ಮಾತು ಬಂದರೆ ಮುಗೀತು, ದರ್ಶನದ ಸಮಾಧಾನವೇ ಹೋಗುತ್ತದೆ.

ಇಲ್ಲಿ ಸ್ವಲ್ಪ ವಿಚಾರ ಮಾಡೋಣ. ಚಾವಿ ಇಲ್ಲದವನು "ಈ ಬ್ಯಾಗು ನನ್ನದು" ಎಂದು ಯಾವ ಆಧಾರದ ಮೇಲೆ ಹೇಳಬೇಕು? ಬೀಗಕ್ಕೆ ಮಾಲಕರ ಗುರುತು ಇರುವುದಿಲ್ಲ. ಚಾವಿಯ ಹಲ್ಲು ಒಳಗೆ ಸರಿಯಾಗಿ ಕೂತರೆ ಅದು ತೆರೆಯುತ್ತದೆ, ಕೈ ಯಾರದೇ ಇರಲಿ. ಚಾವಿ ಕಳೆದ ಮೇಲೆ ಬೀಗದ ಎದುರು ಮಾಲಕನೂ ಒಂದೇ, ಕಳ್ಳನೂ ಒಂದೇ. ಆಗ ಧರ್ಮಶಾಲೆಯವರು ಎರಡು ಮಾತು ಕೇಳುತ್ತಾರೆ: "ಒಳಗ ಏನೇನೈತಿ? ನಿಮ್ಮ ಜೋಡಿ ಯಾರದಾರ?" ಅಂದರೆ ಆ ಬ್ಯಾಗು ನಿಮ್ಮದು ಎಂದು ಸಾಕ್ಷಿ ಹೇಳಬೇಕಾದವರು ನಿಮ್ಮ ಜೊತೆ ಬಂದವರೇ. ಅವರನ್ನೇ ಸಂಶಯದಿಂದ ನೋಡಿದರೆ ನಿಮ್ಮ ಪರವಾಗಿ ನಿಲ್ಲುವವರು ಯಾರು?

ದೊಡ್ಡ ದೇವಸ್ಥಾನಗಳಿಗೂ ಈ ಕಷ್ಟ ತಪ್ಪಿಲ್ಲ. ಪುರಿ ಜಗನ್ನಾಥನ ರತ್ನಭಂಡಾರದ ಒಳಕೋಣೆಯ ಚಾವಿ ಕಾಣುತ್ತಿಲ್ಲ ಎಂಬುದು 2018ರಲ್ಲಿ ಬಯಲಾಯಿತು. ಆಮೇಲೆ ವರ್ಷಗಟ್ಟಲೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ಮಾಡಿದರು. ಕಡೆಗೆ 14 ಜುಲೈ 2024ರಂದು ಬಾಗಿಲ ಮುಂದೆ ನಿಂತಾಗ ನಕಲಿ ಚಾವಿಗಳೂ ಹತ್ತಲಿಲ್ಲ. ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲಿ ಬೀಗಗಳನ್ನು ಕತ್ತರಿಸಿ, ಹೊಸ ಬೀಗ ಹಾಕಿ ಸೀಲು ಮಾಡಿದರು. ಅದೇ ಕೆಲಸವನ್ನು ಯಾರಾದರೂ ರಾತ್ರಿ ಒಬ್ಬರೇ ಮಾಡಿದ್ದರೆ ಅದಕ್ಕೆ ಕಳವು ಎಂಬ ಹೆಸರು ಬರುತ್ತಿತ್ತು. ನಾಲ್ಕು ಮಂದಿಯ ಮುಂದೆ ಆಗಿದ್ದಕ್ಕೆ ಅದು ನ್ಯಾಯವಾಯಿತು. ಒಡೆಯನಿಗೆ ತನ್ನ ಬೀಗ ಒಡೆಯುವ ಹಕ್ಕಿದೆ, ಆದರೆ ಆ ಹಕ್ಕು ಚೊಕ್ಕ ಇರುವುದು ಎಲ್ಲರ ಕಣ್ಣೆದುರು ಬಳಸಿದಾಗ ಮಾತ್ರ.

ಹಾಗಾದರೆ ಮಾಡುವುದೇನು? ಮೊದಲು ಕುಂತು ನೀರು ಕುಡೀರಿ, ಬಂದ ದಾರಿ ನೆನಪು ಮಾಡಿಕೊಳ್ಳಿ. ದೇವಸ್ಥಾನದ ಕಚೇರಿಯಲ್ಲಿ, ಕಾಯಿ ಅಂಗಡಿಯಲ್ಲಿ ಕೇಳಿರಿ. ಜೊತೆಯವರ ಬ್ಯಾಗಿನ ಚಾವಿ ಹಾಕಿ ನೋಡಿರಿ. ಅಗ್ಗದ ಸಣ್ಣ ಬೀಗಗಳಲ್ಲಿ ಚಾವಿಯ ಮಾದರಿ ಕೆಲವೇ ಇರುತ್ತವೆ, ಎಷ್ಟೋ ಸಲ ಒಂದರದು ಇನ್ನೊಂದಕ್ಕೆ ಹತ್ತುತ್ತದೆ. ಮೂರು ಅಂಕಿಯ ನಂಬರ್ ಬೀಗವಾದರೆ 000ದಿಂದ 999ರವರೆಗೆ ಒಟ್ಟು 1000 ಸಂಖ್ಯೆ, ತಾಳ್ಮೆಯಿಂದ ತಿರುಗಿಸಿದರೆ ಸಿಕ್ಕೇ ಸಿಗುತ್ತದೆ. ಯಾವುದೂ ಆಗದಿದ್ದರೆ ಚಾವಿ ಮಾಡುವವನನ್ನು ಕರೆಯಿರಿ, ಇಲ್ಲವೇ ಮನೆಯವರೆಲ್ಲರ ಮುಂದೆ ಬೀಗದ ಕೊಂಡಿ ಕತ್ತರಿಸಿರಿ. ಬ್ಯಾಗಿನ ಚೈನು ಹರಿಯಬೇಡಿರಿ. ಬೀಗದ ಬೆಲೆ ಸ್ವಲ್ಪ, ಬ್ಯಾಗಿನ ಬೆಲೆ ಹೆಚ್ಚು, ಸೊಸೆಯ ಕಣ್ಣೀರಿನ ಬೆಲೆ ಅದಕ್ಕೂ ಹೆಚ್ಚು.

ಚಾವಿ ಕಳೆದವರಿಗೂ ಒಂದು ಮಾತು. ಕಳೆಯುವುದು ಪಾಪವಲ್ಲ, ಯಾರ ಕೈಯಿಂದಲೂ ಬೀಳಬಹುದು. ಬಿದ್ದದ್ದು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಮತ್ತೊಬ್ಬರ ಮೇಲೆ ಮಾತು ಬರಲು ಬಿಡುವುದು ಪಾಪ. ಕೂಡಲೇ ಹೇಳಿಬಿಡಿ. ಇನ್ನು, ಮೆಟ್ಟಿಲ ಮೇಲೆ ಚಾವಿ ಸಿಕ್ಕವರು ಅದನ್ನು ಕಚೇರಿಗೆ ಕೊಡಿರಿ. ನಿಮಗದು ತಗಡಿನ ತುಂಡು, ಕಳೆದುಕೊಂಡವರಿಗೆ ಊರಿಗೆ ಹೋಗುವ ದಾರಿ.

ಕೊನೆಯದಾಗಿ, ಹೊಸ ಬೀಗ ತಂದಾಗ ಎರಡು ಚಾವಿ ಬರುತ್ತವೆ. ಒಂದನ್ನು ಇನ್ನೊಬ್ಬರ ಕಿಸೆಯಲ್ಲಿಡಿರಿ, ಎರಡನ್ನೂ ಒಂದೇ ದಾರಕ್ಕೆ ಕಟ್ಟಬೇಡಿರಿ. ಇನ್ನೊಂದನ್ನು ಯಾರ ಕೈಯಿಂದ ಹಳೆಯದು ಕಳೆಯಿತೋ ಅವರ ಕೈಗೇ ಮತ್ತೆ ಕೊಡಿರಿ. ಅತ್ತೆಯಾದವಳು ತನ್ನ ಸೆರಗಿನ ಗಂಟು ಬಿಚ್ಚಿ, "ತಗೋವಾ, ನೀನ ಇಟಗೋ" ಎಂದು ಸೊಸೆಗೆ ಕೊಟ್ಟರೆ ಆ ಮನೆಯ ಯಾತ್ರೆ ಪೂರ್ಣವಾದಂತೆ. ಎಲ್ಲರೂ ಸುಖವಾಗಿ ಮನೆ ಮುಟ್ಟಿರಿ.