ಇಂದಿನ ಧಮ್ಮ ಚಿಂತನೆ: ಕೊಳ್ಳುವ ಕೈಯ ಕರ್ಮ




ಉಪಾಸಕರು ಮಾಡಬಾರದ ಐದು ವ್ಯಾಪಾರಗಳನ್ನು ಭಗವಾನ್ ಬುದ್ಧರು ಅಂಗುತ್ತರ ನಿಕಾಯದಲ್ಲಿ ಹೇಳಿದ್ದಾರೆ: ಆಯುಧ, ಜೀವಿಗಳು, ಮಾಂಸ, ಮಾದಕ ವಸ್ತು ಮತ್ತು ವಿಷ. ಕೊನೆಯದನ್ನು ಓದುವಾಗ ನಮಗೆ ಸಮಾಧಾನವಾಗುತ್ತದೆ, ನಾವಾರೂ ವಿಷ ಮಾರುವವರಲ್ಲವಲ್ಲ! ಆದರೆ ವ್ಯಾಪಾರಕ್ಕೆ ಎರಡು ಕೈ ಬೇಕು. ಒಂದು ಮಾರುವ ಕೈ, ಇನ್ನೊಂದು ಕೊಳ್ಳುವ ಕೈ. ಸಮ್ಮಾ ಆಜೀವ, ಅಂದರೆ ಸರಿಯಾದ ಜೀವನೋಪಾಯ, ಮಾರುವವರ ಹೊಣೆ ಮಾತ್ರವೇ? ಇಂದು ಇದನ್ನು ಯೋಚಿಸೋಣ.

ಬೆಳೆಗೆ ಕೀಟನಾಶಕ ಸಿಂಪಡಿಸುವುದನ್ನು ನಮ್ಮ ಕಡೆ 'ಎಣ್ಣಿ ಹೊಡಿಯೋದು' ಅನ್ನುತ್ತೇವೆ. ಅಂಗಡಿಯಲ್ಲಿ ಅದರ ಹೆಸರು 'ಔಷಧ'. ವಿಷವನ್ನು ವಿಷ ಎಂದು ಕರೆಯದ ಮಾತು ಸಮ್ಮಾ ವಾಚಾ ಆಗುವುದಿಲ್ಲ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿ ಹೊಲಕ್ಕೆ ಸಿಂಪಡಿಸಿದ ಸುಮಾರು 20 ಮಂದಿ ರೈತರು, ಕೂಲಿಕಾರರು ವಿಷವೇರಿ ತೀರಿಕೊಂಡರು. ಹೆಸರು ಬದಲಿಸಿದ ಮಾತ್ರಕ್ಕೆ ವಿಷದ ಗುಣ ಬದಲಾಗಲಿಲ್ಲ.

ಹಾಗಾದರೆ ತಪ್ಪು ರೈತನದೇ? ಬಂಧುಗಳೇ, ಪಟಿಚ್ಚ ಸಮುಪ್ಪಾದ ಕಲಿತವರು ಒಂದೇ ಕಾರಣ ಹುಡುಕಿ ನಿಲ್ಲಬಾರದು. ಬೀಜ, ಗೊಬ್ಬರ, ಎಣ್ಣಿ ಎಲ್ಲವೂ ರೈತನಿಗೆ ಒಂದೇ ಅಂಗಡಿಯಲ್ಲಿ ಉದ್ರಿ ಸಿಗುತ್ತವೆ. ಸುಗ್ಗಿಯಾದ ಮೇಲೆ ಸಾಲ ತೀರಬೇಕು. ಇತ್ತ ಸಂತೆಯಲ್ಲಿ ನಾವು ಬದನೆಕಾಯಿ ಆರಿಸುತ್ತೇವೆ. ಹುಳುಕು ಕಂಡರೆ ಪಕ್ಕಕ್ಕೆ ಒತ್ತುತ್ತೇವೆ, ಮಿರಿಮಿರಿ ಮಿಂಚುವುದನ್ನು ಚೀಲಕ್ಕೆ ಹಾಕುತ್ತೇವೆ, ಅದಕ್ಕೂ ಚೌಕಾಸಿ ಮಾಡುತ್ತೇವೆ. ಮುಂದಿನ ಸಲ ಏನು ಮಾಡಬೇಕೆಂದು ರೈತನಿಗೆ ನಮ್ಮ ಕೈ ಆಗಲೇ ಹೇಳಿಬಿಟ್ಟಿರುತ್ತದೆ.

ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಎರಿ ಭೂಮಿಗೆ ವಿಷವಿಲ್ಲದ ಬೇಸಾಯ ಹೊಸದಲ್ಲ. ಹಿಂಗಾರಿ ಬಿಳಿಜೋಳ ಮಣ್ಣಿನ ಹಸಿಯಲ್ಲೇ ಬೆಳೆಯುತ್ತದೆ. ಕಾಳು ಮನುಷ್ಯರಿಗೆ, ಕಣಿಕೆ ದನಕ್ಕೆ, ದನದ ಗೊಬ್ಬರ ಮತ್ತೆ ಹೊಲಕ್ಕೆ. ಅಕ್ಕಡಿ ಸಾಲಿನಲ್ಲಿ ಕುಸುಬಿ, ಅಗಸಿ. ನಡುವೆ ತಾನಾಗಿ ಬರುವ ಹತ್ತರಕಿ ಪಲ್ಲೆ. ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿ, ಅನ್ನದಲ್ಲಿ ಭೂಮಿಗೂ ಪಾಲಿದೆ, ಹಕ್ಕಿ ಹುಳುಗಳಿಗೂ ಪಾಲಿದೆ ಎಂದು ಒಪ್ಪಿಕೊಂಡ ಜನ ನಾವು. ಇದು ಮೆತ್ತೆಯ ಪಾಠವೇ.

ಆದರೂ ಅಂಥ ಆಹಾರ ಸಂತೆಗೆ ಸಾಕಷ್ಟು ಬರುತ್ತಿಲ್ಲ, ಯಾಕೆ? ಕರ್ನಾಟಕ 2004ರಲ್ಲೇ ಸಾವಯವ ಕೃಷಿ ನೀತಿ ತಂದಿತು. 2015ರಲ್ಲಿ ಶುರುವಾದ ಕೇಂದ್ರದ ಪರಂಪರಾಗತ ಕೃಷಿ ವಿಕಾಸ ಯೋಜನೆ ರೈತರ ಗುಂಪುಗಳಿಗೆ 3 ವರ್ಷ ನೆರವು ಕೊಡುತ್ತದೆ. ಇಂಡಿ ಲಿಂಬೆಗೆ 2023ರಲ್ಲಿ ಜಿಐ ಗುರುತು ಸಿಕ್ಕಿತು. ಆದರೆ ಆ ಗುರುತು ಹಣ್ಣು ಯಾವ ಮಣ್ಣಿನದು ಎಂದು ಹೇಳುತ್ತದೆ, ಎಣ್ಣಿ ಹೊಡೆದಿದ್ದಾರೋ ಇಲ್ಲವೋ ಎಂದು ಹೇಳುವುದಿಲ್ಲ. ವಿಷ ಬಿಟ್ಟ ಮೊದಲ ಎರಡು ಮೂರು ವರ್ಷ ಹೊಲ ಸುಧಾರಿಸಿಕೊಳ್ಳಬೇಕು. ಆಗ ಇಳುವರಿ ಕಡಿಮೆಯಾಗಬಹುದು. ಪ್ರಮಾಣಪತ್ರ ಇನ್ನೂ ಕೈಗೆ ಬಂದಿರುವುದಿಲ್ಲ, ಹೆಚ್ಚಿನ ಬೆಲೆಯೂ ಸಿಗುವುದಿಲ್ಲ. ಆ ವರ್ಷಗಳ ನಷ್ಟ ಯಾರ ಹೆಗಲಿಗೆ? ಈಗಂತೂ ರೈತ ಒಬ್ಬನದಕ್ಕೇ. ಅವನು ಕಾಯುವುದು ನಮ್ಮ ಮಕ್ಕಳ ಆರೋಗ್ಯಕ್ಕಾಗಿಯೂ ಹೌದು. ಆದ್ದರಿಂದ ಅವನಿಗೆ ನಾವು ಕೊಡುವ ನಾಲ್ಕು ರೂಪಾಯಿ ಹೆಚ್ಚು ದರವನ್ನು ದಾನ ಎಂದು ಎಣಿಸಬಾರದು. ಅದು ನಾವು ತೀರಿಸಬೇಕಾದ ಸಾಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ, ಅದು ನ್ಯಾಯವಾದದ್ದು. ಕೂಲಿ ಮಾಡಿ ಉಣ್ಣುವವರು ಹೆಚ್ಚಿನ ದರ ಎಲ್ಲಿಂದ ಕೊಡಬೇಕು? ಕೊಡಬೇಕಿಲ್ಲ. ಮೊದಲ ಹೊಣೆ ತಿಂಗಳ ಸಂಬಳ ಬರುವ ನಮ್ಮಂಥವರದು. ಆದರೆ ಇನ್ನೊಂದು ಮಾತನ್ನೂ ನೋಡಬೇಕು. ಒಳ್ಳೆಯ ಬೆಲೆ ಸಿಗುತ್ತದೆಂದು ವಿಷವಿಲ್ಲದ ಕಾಳೆಲ್ಲ ಪಾಕೀಟಾಗಿ ಬೆಂಗಳೂರಿಗೆ ಹೋದರೆ, ಆ ಹೊಲದಲ್ಲಿ ಕಳೆ ತೆಗೆದ ಅಕ್ಕ ಸಿಂದಗಿಯ ಸಂತೆಯಲ್ಲಿ ಎಣ್ಣಿ ಹೊಡೆದ ಕಾಯಿಪಲ್ಲೆಯನ್ನೇ ಕೊಳ್ಳಬೇಕಾಗುತ್ತದೆ. ಶುದ್ಧ ಅನ್ನ ಉಳ್ಳವರ ತಟ್ಟೆಗೆ ಮಾತ್ರ ಹೋದರೆ ಅದೂ ಒಂದು ಮೇಲುಕೀಳು. ಸಮತೆಯನ್ನು ನಂಬಿದ ನಾವು ಅದನ್ನು ಒಪ್ಪಲಾಗದು. ಆದ್ದರಿಂದ ನಮ್ಮೂರಿನ ಸಂತೆಯಲ್ಲೇ ಜೋಳ, ತೊಗರಿಬೇಳೆ, ಸೊಪ್ಪು ಸಿಗಬೇಕು. ರೈತನಿಂದ ನೇರ, ಪಾಕೀಟಿಲ್ಲದೆ, ದಲ್ಲಾಳಿಯಿಲ್ಲದೆ ಬಂದರೆ ದರವೂ ಅಷ್ಟು ಏರುವುದಿಲ್ಲ. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ನೆಲದಲ್ಲಿ ಕಾಯಕದ ಜೊತೆಗೇ ದಾಸೋಹದ ಮಾತಿದೆ. ದುಡಿದವರ ಮನೆಗೆ ಅನ್ನ ಮೊದಲು ಮುಟ್ಟಬೇಕು ಎಂಬುದು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾದ ಮಾತಲ್ಲ.

ಚೇತನೆಯೇ ಕರ್ಮ ಎಂಬುದು ಬುದ್ಧರ ಬೋಧೆ. ಸಂತೆಯಲ್ಲಿ ಚೀಲ ಹಿಡಿದು ನಿಂತಾಗ ನಮ್ಮ ಚೇತನೆ ಏನು? ಅಗ್ಗ ಬೇಕು, ಅಂದ ಬೇಕು ಎಂಬುದಷ್ಟೇ ಇದ್ದರೆ ಅದು ಲೋಭ. ಬೆಳೆದವರೂ ಬದುಕಲಿ, ಮಣ್ಣೂ ಉಳಿಯಲಿ ಎಂದಿದ್ದರೆ ಅದೇ ಕೊಳ್ಳುವಿಕೆ ಕುಶಲ ಕರ್ಮ.

*ಇಂದಿನ ಅಭ್ಯಾಸ:* ಹಿಂಗಾರಿ ಬಿತ್ತನೆಗೆ ಮೊದಲೇ ಹತ್ತು ಮನೆಯವರು ಕೂಡಿ, ವಿಷ ಬಿಡಲು ಮನಸ್ಸಿರುವ ಒಬ್ಬ ರೈತನ ಜೊತೆ ಮಾತನಾಡಿ. ವರ್ಷದ ಜೋಳ ನಿಮ್ಮಿಂದಲೇ ಕೊಳ್ಳುತ್ತೇವೆ ಎಂದು ದರ ಗೊತ್ತುಮಾಡಿ, ಸ್ವಲ್ಪ ಹಣ ಮುಂಗಡ ಕೊಡಿ. ಮಳೆ ಕೈಕೊಟ್ಟರೆ ನಷ್ಟದಲ್ಲೂ ಪಾಲು ತೆಗೆದುಕೊಳ್ಳಿ. ಮಾತು ಕೊಟ್ಟ ಮೇಲೆ ಪೇಟೆಯಲ್ಲಿ ದರ ಇಳಿದರೂ ಬಿಟ್ಟುಹೋಗಬೇಡಿ. ಇಷ್ಟು ಭರವಸೆ ಸಿಕ್ಕರೆ ಒಬ್ಬ ರೈತ ಒಂದು ಎಕರೆಯಲ್ಲಾದರೂ ವಿಷ ಬಿಡುವ ಧೈರ್ಯ ಮಾಡಬಹುದು. ಅದನ್ನು ನೋಡಿ ಪಕ್ಕದ ಹೊಲದವನೂ ಯೋಚಿಸುತ್ತಾನೆ.

ಬೆಳೆದವರಿಗೆ, ಉಂಡವರಿಗೆ, ಮಣ್ಣಿನ ಸಕಲ ಜೀವಿಗಳಿಗೆ ಮಂಗಳವಾಗಲಿ.
ಸಾಧು, ಸಾಧು, ಸಾಧು 🙏