ಇಂದಿನ ಧಮ್ಮ ಚಿಂತನೆ: ಸಭೆಗೆ ಇನ್ನೂ ಯಾರು ಬಂದಿಲ್ಲ?

 



ಧಮ್ಮಪದದ ಅಟ್ಠಕಥೆಯಲ್ಲಿ ಆಳವಿ ಎಂಬ ಊರಿನ ಬಡ ರೈತನೊಬ್ಬನ ಪ್ರಸಂಗ ಬರುತ್ತದೆ. ಭಗವಾನರ ಉಪದೇಶ ಕೇಳಬೇಕೆಂದು ಆತ ಹೊರಡುವ ಹೊತ್ತಿಗೆ ಎತ್ತು ತಪ್ಪಿಸಿಕೊಂಡಿತು. ಅದನ್ನು ಹುಡುಕಿ ತಂದು, ಹಸಿದ ಹೊಟ್ಟೆಯಲ್ಲೇ ಓಡಿಬಂದ. ಊರವರ ದಾನ ಮುಗಿದಿತ್ತು, ಸಭೆ ಕಾಯುತ್ತಿತ್ತು. ಭಗವಾನರು ಮಾತ್ರ ಮೌನವಾಗಿ ಕುಳಿತಿದ್ದರು. ರೈತ ಬಂದ ಮೇಲೆ ಮೊದಲು ಅವನಿಗೆ ಊಟ ಬಡಿಸಲು ಹೇಳಿದರು. ಅವನ ಹಸಿವು ಇಂಗಿದ ಮೇಲೆಯೇ ಧಮ್ಮ ಬೋಧಿಸಿದರು.

ಇದನ್ನು ನಾವು ಅನ್ನದಾನದ ಕಥೆಯಾಗಿ ಹೇಳುತ್ತೇವೆ. ನನ್ನ ಮನಸ್ಸಿನಲ್ಲಿ ಉಳಿಯುವುದು ಅನ್ನಕ್ಕಿಂತ ಆ ಮೌನ. ತುಂಬಿದ ಸಭೆಯಲ್ಲಿ ಕುಳಿತು, ಇನ್ನೂ ಬರದ ಒಬ್ಬನಿಗಾಗಿ ಅವರು ಕಾದರು.

ಇಂದು ನಮ್ಮ ನಾಡಿನಲ್ಲಿ ಇನ್ನೂ ಸಭೆಗೆ ಬರಲಾಗದವರು ಯಾರು?

*ಕರಾವಳಿಯ ಕೊರಗರು*

ದಕ್ಷಿಣ ಕನ್ನಡ, ಉಡುಪಿಯ ಕೊರಗರು ಬುಟ್ಟಿ ಹೆಣೆಯುವ, ಡೋಲು ಬಾರಿಸುವ ಜನ. ಕರ್ನಾಟಕದಲ್ಲಿ ವಿಶೇಷ ದುರ್ಬಲ ಬುಡಕಟ್ಟು ಎಂದು ಗುರುತಿಸಿರುವುದು ಎರಡೇ ಸಮುದಾಯಗಳನ್ನು: ಜೇನುಕುರುಬರು ಮತ್ತು ಕೊರಗರು. 2001ರ ಜನಗಣತಿಯಲ್ಲಿ ರಾಜ್ಯದ ಕೊರಗರು ಸುಮಾರು 16 ಸಾವಿರ. 2011ರಲ್ಲಿ 15 ಸಾವಿರಕ್ಕೂ ಕಡಿಮೆ. ನಾಡಿನ ಜನಸಂಖ್ಯೆ ಬೆಳೆಯುತ್ತಿರುವಾಗ ಒಂದು ಸಮುದಾಯ ಕರಗುತ್ತಿದೆ.

ಇವರ ಮೇಲೆ ಹೇರಿದ್ದ ಪದ್ಧತಿಯ ಹೆಸರು ಅಜಲು. ತಮ್ಮ ಕೇಡು ಅವರಿಗೆ ಹೋಗಲೆಂದು ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸುವುದು. ಕಂಬಳಕ್ಕೆ ಮುನ್ನ ಕೋಣಗಳಂತೆ ಓಡಿಸುವುದು. ಕೊರಗರ ಸಂಘಟನೆಗಳು ಎದ್ದು ನಿಂತು ಬೇಡವೆಂದವು. 2000ದಲ್ಲಿ ಅಜಲು ನಿಷೇಧ ಕಾಯ್ದೆ ಬಂತು.

ಕಾಯ್ದೆ ಬಂದರೆ ಸಾಕೆ? ಅದಕ್ಕೆ ಉತ್ತರ ಬಾಬಾಸಾಹೇಬರ ಕೆಲಸದಲ್ಲೇ ಇದೆ. 1928ರಲ್ಲಿ ಅವರು ಮುಂಬಯಿ ಶಾಸನ ಪರಿಷತ್ತಿನಲ್ಲಿ ಮಹಾರ್ ವತನದ ವಿರುದ್ಧ ಮಸೂದೆ ತಂದರು. ಒಂದಿಷ್ಟು ವತನ ಭೂಮಿ, ಒಂದಿಷ್ಟು ಕಾಳು ಕೊಟ್ಟು ಇಡೀ ಸಮುದಾಯವನ್ನು ಊರಿನ ಚಾಕರಿಗೆ ಕಟ್ಟಿಹಾಕಿದ್ದ ವ್ಯವಸ್ಥೆ ಅದು. ಚಾಕರಿ ಬಿಡಿ ಎಂದಷ್ಟೇ ಅವರು ಹೇಳಲಿಲ್ಲ. ಚಾಕರಿಯಿಂದ ಬಿಡುಗಡೆ ಬೇಕು, ಭೂಮಿಯೂ ನಮ್ಮಲ್ಲೇ ಉಳಿಯಬೇಕು, ಅದಕ್ಕೆ ಪೂರ್ಣ ಕಂದಾಯ ಕಟ್ಟುತ್ತೇವೆ ಎಂದರು. ಕಾಲಿಟ್ಟು ನಿಲ್ಲಲು ನೆಲವಿಲ್ಲದವನ ಸ್ವಾಭಿಮಾನವನ್ನು ಹಸಿವು ಮತ್ತೆ ಹಳೆಯ ಬಾಗಿಲಿಗೇ ಎಳೆದೊಯ್ಯುತ್ತದೆ ಎಂಬುದನ್ನು ಅವರು ಬಲ್ಲರು.

ಕೊರಗರೂ ಅದನ್ನೇ ಕೇಳುತ್ತಿದ್ದಾರೆ. ಮಹಮ್ಮದ್ ಪೀರ್ ವರದಿ ಕುಟುಂಬಕ್ಕೆ ಎರಡೂವರೆ ಎಕರೆ ಭೂಮಿ ಕೊಡಲು ಶಿಫಾರಸು ಮಾಡಿತು. ಆ ಬೇಡಿಕೆಯನ್ನು ಜೀವಂತವಾಗಿಡಲು ಅವರು ಪ್ರತಿ ಆಗಸ್ಟ್ 18ರಂದು ಭೂಮಿ ಹಬ್ಬ ಮಾಡುತ್ತಾರೆ. ಹಬ್ಬದ ಹೆಸರಿನಲ್ಲೇ ಹಕ್ಕೊತ್ತಾಯವಿದೆ.

*ನಮಗೇನು ಸಂಬಂಧ?*

ನಮ್ಮ ಅಧ್ಯಯನ ಕೂಟದಲ್ಲಿ ಒಬ್ಬರು ಕೇಳಿದರು: "ಅವರು ಬೌದ್ಧರಲ್ಲವಲ್ಲ?" ಪ್ರಶ್ನೆ ನ್ಯಾಯವಾದದ್ದೇ. ಆಳವಿಯ ರೈತನೂ ಊಟಕ್ಕೆ ಕುಳಿತಾಗ ಇನ್ನೂ ಧಮ್ಮ ಕೇಳಿರಲಿಲ್ಲ. ನನ್ನ ಮಾತು ಕೇಳುವುದಾದರೆ ಬಡಿಸುತ್ತೇನೆ ಎಂದು ಭಗವಾನರು ಷರತ್ತು ಹಾಕಲಿಲ್ಲ. ಕರುಣೆಗೆ ಷರತ್ತು ಸೇರಿದರೆ ಅದು ವ್ಯಾಪಾರ.

ಇನ್ನೊಂದು ಮಾತು ಕಹಿಯಾದರೂ ಹೇಳಬೇಕು. ಜಾತಿಯ ಏಣಿಯಲ್ಲಿ ತುಳಿಸಿಕೊಂಡವರಿಗೂ ತುಳಿಯಲು ಇನ್ನೊಂದು ಮೆಟ್ಟಿಲು ಕೆಳಗೆ ಇರುತ್ತದೆ. ಬಾಬಾಸಾಹೇಬರು ಇದನ್ನು ಶ್ರೇಣೀಕೃತ ಅಸಮಾನತೆ ಎಂದು ಕರೆದರು. ದೀಕ್ಷೆ ಪಡೆದ ನಾವು ಏಣಿಯಿಂದ ಪೂರ್ತಿ ಇಳಿದೆವೋ, ಒಂದು ಮೆಟ್ಟಿಲು ಮೇಲೆ ಹತ್ತಿ ಕುಳಿತೆವೋ ಎಂಬುದು, ನಮಗಿಂತ ಕಡಿಮೆ ದನಿಯವರ ಜೊತೆ ನಾವು ನಡೆದುಕೊಳ್ಳುವ ರೀತಿಯಲ್ಲಿ ಗೊತ್ತಾಗುತ್ತದೆ.

*ಈ ವಾರದ ಸಾಧನೆ*

1. ನಿಮ್ಮ ತಾಲ್ಲೂಕಿನ ಬುಡಕಟ್ಟು ಕಾಲೊನಿಗೆ ಹೋಗಿ. ಹಂಚಲು ಏನನ್ನೂ ಒಯ್ಯಬೇಡಿ. ನಿಮಗೇನು ಬೇಕು ಎಂದು ಕೇಳಿ, ಕುಳಿತು ಕೇಳಿಸಿಕೊಳ್ಳಿ.

2. ಮನೆಗೆ ಹಕ್ಕುಪತ್ರ, ಮಕ್ಕಳಿಗೆ ಜಾತಿ ಪ್ರಮಾಣಪತ್ರ, ರೇಷನ್ ಕಾರ್ಡ್ ಇದೆಯೇ ವಿಚಾರಿಸಿ. ನಮ್ಮಲ್ಲಿ ಗುಮಾಸ್ತರಿದ್ದಾರೆ, ಶಿಕ್ಷಕರಿದ್ದಾರೆ, ವಕೀಲರಿದ್ದಾರೆ. ಒಂದು ಅರ್ಜಿ ಬರೆದುಕೊಡುವುದೂ ದಾನವೇ.

3. ಗ್ರಾಮಸಭೆಯಲ್ಲಿ ಅವರ ಜೊತೆ ನಿಲ್ಲಿ. ಮಾತು ಅವರದಾಗಲಿ, ಬೆಂಬಲ ನಮ್ಮದಾಗಲಿ.

ಇಂದು ಸಂಜೆ ವಂದನೆಗೆ ಕುಳಿತಾಗ ಒಂದು ಗಳಿಗೆ ಮೌನವಾಗಿರೋಣ. ಸಭೆಗೆ ಇನ್ನೂ ಬಾರದವರನ್ನು ನೆನೆಯೋಣ.

ಭವತು ಸಬ್ಬ ಮಂಗಲಂ.
ಸಾಧು, ಸಾಧು, ಸಾಧು.