ಬಿಸಿ ಒಬ್ಬರಿಗೆ, ಹೊಗೆ ಇನ್ನೊಬ್ಬರಿಗೆ

ಡೆಟ್ರಾಯಿಟ್ ನಗರದ ನೆಲದಡಿಯ ಕೊಳವೆಗಳಲ್ಲಿ 1903ರಿಂದಲೂ ಹಬೆ ಹರಿದು ಕಟ್ಟಡಗಳನ್ನು ಬೆಚ್ಚಗಿಟ್ಟಿದೆ. 1989ರಲ್ಲಿ ಕಸ ಸುಡುವ ಸ್ಥಾವರವೂ ಆ ಜಾಲಕ್ಕೆ ಹಬೆ ಕೊಡತೊಡಗಿತು. ಕಸದಿಂದ ರಸವೆಂದು ಮೆಚ್ಚಬಹುದಾದದ್ದೇ. ಆದರೆ ಕೊನೆಯ ವರ್ಷಗಳಲ್ಲಿ ಅಲ್ಲಿ ಸುಟ್ಟ ಕಸದ ಹೆಚ್ಚಿನ ಪಾಲು ಸ್ಥಿತಿವಂತರ ಓಕ್‌ಲ್ಯಾಂಡ್ ಕೌಂಟಿಯದು; ಹೊಗೆ, ದುರ್ನಾತ ಸ್ಥಾವರದ ಸುತ್ತಲಿನ ಬಡವರದು. ದೂರುಗಳು ಬೆಳೆದು 2019ರಲ್ಲಿ ಅದು ಮುಚ್ಚಿತು.

ವೈದ್ಯರಾದ ನಾವು ಔಷಧ ಬರೆಯುವಾಗ ಗುಣವನ್ನೂ ಅಡ್ಡ ಪರಿಣಾಮವನ್ನೂ ತೂಗುತ್ತೇವೆ. ಅಲ್ಲಿ ಎರಡನ್ನೂ ಅನುಭವಿಸುವವನು, ಒಪ್ಪಿಗೆ ಕೊಡುವವನು ಅದೇ ರೋಗಿ. ಗುಣ ಒಬ್ಬರಿಗೆ, ಅಡ್ಡ ಪರಿಣಾಮ ಇನ್ನೊಬ್ಬರಿಗೆ ಎಂದಾದರೆ ತೂಗುವ ಹಕ್ಕು ಬೆಚ್ಚಗಿರುವವರಿಗಷ್ಟೇ ಸೇರಿದ್ದಲ್ಲ. ಕಸದ ಚೀಲವನ್ನು ರಸ್ತೆಯಂಚಿಗೆ ಇಡುವ ನಾವೆಲ್ಲರೂ ಕೇಳಿಕೊಳ್ಳೋಣ: ಇದು ಯಾರ ಉಸಿರಿಗೆ ಸೇರುತ್ತದೆ, ಅವರನ್ನು ಕೇಳಿದವರು ಯಾರು?